ಸ್ಪಷ್ಟನೆ: ಗ್ರೌಂಡ್ ಪ್ಲೇನ್ ಸೀಳಬೇಡಿ

ಕಾಫಿ ತೋಟಕ್ಕೆ ಮಣ್ಣಿನ ತೇವಾಂಶ ಅಳೆಯುವ ಬೋರ್ಡ್ ಮಾಡುವ ಕೊಡಗಿನ ಗೆಳೆಯರ ನಡುವೆ ‘ಅನಲಾಗ್, ಡಿಜಿಟಲ್ ಗ್ರೌಂಡ್ ಸೀಳಿ, ಪವರ್ ಸಪ್ಲೈ ಬಳಿ ಮಾತ್ರ ಕೂಡಿಸಿ’ ಎಂಬ ಸಂದೇಶ ಓಡಾಡುತ್ತಿದೆ. ಈ ಬೋರ್ಡುಗಳಿಗೆ ಅದು ತಪ್ಪು ಸಲಹೆ. ಗ್ರೌಂಡ್ ಪ್ಲೇನ್ ಎಂದರೆ ಕರೆಂಟ್ ಮರಳಲು ಬೋರ್ಡಿನ ಒಂದು ಪದರದಲ್ಲಿ ಹರಡಿದ ತಾಮ್ರ. ವೇಗದ ಸಿಗ್ನಲ್ಲಿನ ಕರೆಂಟ್ ಈ ಪ್ಲೇನಿನಲ್ಲಿ, ಟ್ರೇಸಿನ (ಸಿಗ್ನಲ್ ಒಯ್ಯುವ ತಾಮ್ರದ ಗೆರೆಯ) ಅಡಿಯಲ್ಲೇ ಮರಳುತ್ತದೆ. ಅಲ್ಲಿ ಸೀಳಿದ್ದರೆ ಸುತ್ತಿ ಬರಬೇಕು, ಆ ಸುತ್ತೇ ಆಂಟೆನಾ ಆಗುತ್ತದೆ. 3.3 ವೋಲ್ಟಿನ 12 ಬಿಟ್ ಎಡಿಸಿಯ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಒಂದು ಹೆಜ್ಜೆ ಸುಮಾರು 0.8 ಮಿಲಿವೋಲ್ಟ್. ರೀಡಿಂಗ್ ಕುಣಿಯಲು ಅಷ್ಟು ನಾಯ್ಸ್ ಸಾಕು.

ಪ್ಲೇನ್ ಒಂದೇ ಇರಲಿ. ಬೇರೆ ಮಾಡಬೇಕಾದ್ದು ಪಾರ್ಟುಗಳ ಜಾಗ: ಸೆನ್ಸರ್ ಒಂದು ಬದಿ, ಪ್ರೊಸೆಸರ್ ಮತ್ತು ರೇಡಿಯೊ ಇನ್ನೊಂದು ಬದಿ, ನಡುವೆ ಎಡಿಸಿ. ಅದರ ಎರಡೂ ಗ್ರೌಂಡ್ ಪಿನ್ನುಗಳಿಂದ ಅದೇ ಪ್ಲೇನಿಗೆ ನೇರ ವಯಾ (ಪದರಗಳನ್ನು ಕೂಡಿಸುವ ತಾಮ್ರದ ತೂತು) ಕೊಡಿ. ಸಪ್ಲೈ ಪಿನ್ನಿಗೆ ತಾಗಿದಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. (ಮೇನ್ಸ್‌ನಿಂದ ಐಸೊಲೇಶನ್ ಬೇಕಾದ ಕಡೆ ಮಾತು ಬೇರೆ.)

ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.