ಹಗೂರಕ ಅಂದ್ರ ಎಷ್ಟು?

ನಮ್ಮ ಕಲಬುರಗಿ ಕಡೆ ಗಾಡಿ ಓಡಿಸುವುದಿಲ್ಲ, ಹೊಡೆಯುತ್ತಾರೆ. "ಗಾಡಿ ಹೊಡಿಲಿಕ್ಕಿ ಬರ್ತದೇನು?" ಅಂತಲೇ ಕೇಳುವುದು. ಎತ್ತಿನ ಬಂಡಿ ಕಾಲದ ಮಾತು ಕಾರಿನ ತನಕ ನಡೆದು ಬಂದಿದೆ. ಆದರೆ ಕ್ಲಚ್ ಇರುವ ಕಾರು ಹೊಡೆತಕ್ಕೆ ಬಗ್ಗುವ ಪೈಕಿ ಅಲ್ಲ. ಅದಕ್ಕೆ ಬೇಕಾದ ಮಾತೇ ಬೇರೆ. ಹಗೂರಕ, ಅಂದರೆ ಮೆಲ್ಲಗೆ.

ಈ ಮೇ ತಿಂಗಳಲ್ಲಿ ಆ ಮಾತನ್ನು ನಾನೆಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಮಗಳಿಗೆ 18 ತುಂಬಿತು. ಎರಡು ವರ್ಷದಿಂದ ಕಾರು ಕಲಿಸು ಅಂತ ಬೆನ್ನು ಹತ್ತಿದ್ದಳು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಚಿಕ್ಕವರ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ದೊಡ್ಡವರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. "ನಿನ್ನ ಸಲುವಾಗಿ ನಾ ಜೇಲಿಗಿ ಹೋಗ್ಲೇನವ್ವಾ?" ಅಂತ ಇಷ್ಟು ದಿನ ತಪ್ಪಿಸಿಕೊಂಡಿದ್ದೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೈಗೆ ಬಂದ ದಿನ ಆ ನೆಪವೂ ಹೋಯಿತು. ಬಿಳಿ ಹಾಳೆ ಮೇಲೆ ಕೆಂಪು ಎಲ್ ಅನ್ನು ಸ್ಕೇಲ್ ಹಿಡಿದು ಬರೆದು, ಹಿಂದೆ ಮುಂದೆ ತಾನೇ ಅಂಟಿಸಿ, ಬೀಗದ ಕೈ ಹಿಡಿದು ನಿಂತಳು. ಜೊತೆಗೆ ರಜೆಗೆ ಬಂದಿದ್ದ ಸೇಡಂ ಕಡೆಯ ಅಕ್ಕನ ಮಗ. ಅವನಿಗೆ 19, ಅವನೂ ಎಲ್‌ಎಲ್ ಮಾಡಿಸಿಕೊಂಡೇ ಬಂದಿದ್ದ. "ಮಾಮಾ, ನನಗೇನು ಹೊಸಾದಲ್ಲ ಬಿಡು, ಹೊಲದಾಗ ಟ್ರ್ಯಾಕ್ಟರ್ ಹೊಡ್ದೀನಿ" ಅಂದ.

ಮೇ ತಿಂಗಳಲ್ಲಿ ನಮ್ಮೂರ ಬಿಸಿಲಿಗೆ ಹತ್ತು ಗಂಟೆಯ ಮೇಲೆ ಸ್ಟೇರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದೆವು. ರಿಂಗ್ ರೋಡ್ ದಾಟಿದರೆ ಹೊಸ ಲೇಔಟುಗಳು. ರಸ್ತೆ ಇದೆ, ಮನೆ ಇಲ್ಲ. ಪ್ಲಾಟಿನ ಗುರುತಿಗೆ ನೆಟ್ಟ ಕಲ್ಲು, ಜಾಲಿ ಕಂಟಿ, ನಾಲ್ಕು ಕುರಿ. ಗಾಡಿ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಮೊದಲು ಪಾಠ ಹೇಳಿದೆ. ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಓಡುವವನ ಕೈಯನ್ನು ಕೂತವನ ಕೈಗೆ ಒಮ್ಮೆಲೇ ಕಟ್ಟಿದರೆ ಏನಾಗ್ತದೆ? ಇಬ್ಬರೂ ಬೀಳ್ತಾರೆ. ಅದಕ್ಕೇ ನಡುವೆ ಕ್ಲಚ್ ಪ್ಲೇಟ್. ಅದು ಸ್ವಲ್ಪ ಜಾರುತ್ತ ಜಾರುತ್ತ ಹಿಡಿದುಕೊಳ್ಳಬೇಕು. "ತಿಳೀತು" ಅಂದಳು. ಕ್ಲಚ್ ಪೆಡಲ್ ಮೇಲಿನ ಎಡಗಾಲು ತೆಗೆದಳು. ಕಾರು ಕಪ್ಪೆಯಂತೆ ಒಂದು ಸಲ ಜಿಗಿದು ಬಂದ್ ಬಿತ್ತು.

"ಹಗೂರಕ ಬಿಡಬೇಕವ್ವಾ."

ಮತ್ತೆ ಬಂದ್. "ಹಗೂರಕ!" ಮತ್ತೆ ಬಂದ್. ಆರನೇ ಸಲಕ್ಕೆ ಅವಳು ನನ್ನ ಕಡೆ ತಿರುಗಿ, "ಪಪ್ಪಾ, ಹಗೂರಕ ಅಂದ್ರ ಎಷ್ಟು?" ಅಂತ ಕೇಳಿದಳು.

ಎಷ್ಟು? ಇಪ್ಪತ್ತೈದು ವರ್ಷದಿಂದ ಈ ಎಡಗಾಲು ಆ ಕೆಲಸ ಮಾಡುತ್ತಿದೆ. ಒಂದು ದಿನವೂ ಹೇಗೆ ಮಾಡ್ತೀಯಪ್ಪಾ ಅಂತ ನಾನು ಅದನ್ನು ಕೇಳಿರಲಿಲ್ಲ. "ಏಳು, ತೋರಿಸ್ತೀನಿ" ಅಂತ ನಾನೇ ಕೂತೆ. ಬಗ್ಗಿ ನನ್ನ ಕಾಲನ್ನೇ ನೋಡುತ್ತ ಕ್ಲಚ್ ಬಿಟ್ಟೆ. ಬಂದ್ ಬಿತ್ತು. ಹಿಂದಿನ ಸೀಟಿನಲ್ಲಿ ಅಳಿಯ ಟವೆಲ್ ಬಾಯಿಗೆ ಒತ್ತಿಕೊಂಡ. ಕುರಿ ಕಾಯುವವನು ಮಾತ್ರ ಮರ್ಯಾದಸ್ಥ, ಬೇರೆ ಕಡೆ ನೋಡಿದ.

ಮರುದಿನ ಎಕ್ಸಲೇಟರ್ ಮುಟ್ಟಲೇಬೇಡ ಅಂದೆ. ಈಗಿನ ಕಾರುಗಳು ಸಮತಟ್ಟು ನೆಲದಲ್ಲಿ ಫಸ್ಟ್ ಗೇರಿಗೆ ಬರೀ ಕ್ಲಚ್ಚಿನ ಮೇಲೇ ತೆವಳುತ್ತವೆ. ನಮ್ಮೂರಲ್ಲಿ ಸಮತಟ್ಟು ನೆಲಕ್ಕೇನು ಬರ? (ಏರು ಬೇಕಾದಾಗಲೇ ಕಷ್ಟ. ಹ್ಯಾಂಡ್‌ಬ್ರೇಕ್ ಹಿಡಿದು ಏರಿನಲ್ಲಿ ಎತ್ತುವುದನ್ನು ಕಲಿಸಲು ರೈಲ್ವೆ ಬ್ರಿಜ್ ಹುಡುಕಿಕೊಂಡು ಹೋಗಬೇಕಾಯಿತು.) ಎಸಿ ಬಂದ್, ಹಾಡು ಬಂದ್, ಕಿಟಕಿ ಕೆಳಗೆ. ಕ್ಲಚ್ ಮೇಲೆ ಬರುತ್ತಾ ಬರುತ್ತಾ ಒಂದು ಕಡೆ ಎಂಜಿನ್ನಿನ ದನಿ ದಪ್ಪ ಆಗ್ತದೆ, ಬಾನೆಟ್ಟು ಒಂದಿಷ್ಟು ಮೈ ಮುರೀತದೆ. "ಅಲ್ಲೇ ನಿಲ್ಲು. ಇದ ನೋಡು ಹಗೂರಕ." ಅಂದು ಬರೀ ಅದನ್ನೇ ಮಾಡಿದೆವು. ಹಿಡಿ, ಬಿಡು, ಕೇಳು. ಇಪ್ಪತ್ತು ಸಲಕ್ಕೆ ನಾನು ಬಾಯಿ ಮುಚ್ಚಿದೆ. ಮೂವತ್ತಕ್ಕೆ ಕಾರು ಸುಮ್ನೆ ನಡೆಯಿತು, ಹಾಲಿನ ಕ್ಯಾನ್ ಇಟ್ಟರೂ ತುಳುಕದ ಹಾಗೆ. ಅವಳ ಮೇಲ್ತುಟಿ ಮೇಲೆ ಸಾಲಾಗಿ ಬೆವರು ಹನಿ.

ಅಳಿಯನದು ಬೇರೆಯೇ ಕಥೆ. ಕಾರು ಅವನಿಗೆ ಒಮ್ಮೆಯೂ ಬಂದ್ ಬೀಳಲಿಲ್ಲ. ಟ್ರ್ಯಾಕ್ಟರಿನ ಕೆಳಗಿನ ಗೇರು ದೊಡ್ಡ ಮನಸ್ಸಿನದು, ಧಡಕ್ ಅಂತ ಬಿಟ್ಟರೂ ಎಳೆದುಕೊಂಡು ಹೋಗ್ತದೆ. ಅದೇ ಸಲಿಗೆಯಲ್ಲಿ ಕಾರನ್ನೂ ಭರ್‍ರ್ ಅನಿಸಿ ಎತ್ತುತ್ತಿದ್ದ. ಎತ್ತಿದ ಮೇಲೆ ಎಡಗಾಲನ್ನು ಕ್ಲಚ್ ಮೇಲೇ ಬಿಟ್ಟಿರುತ್ತಿದ್ದ, ಕಟ್ಟೆ ಮೇಲೆ ಕಾಲು ಚಾಚಿದ ಹಾಗೆ. ಮೂರನೇ ದಿನ ಸುಟ್ಟ ವಾಸನೆ ಬಂತು. "ಎಲ್ಲೋ ಕಸ ಸುಡ್ಲಿಕತ್ತಾರ ಮಾಮಾ" ಅಂದ. ಕಸ ಅಲ್ಲಪ್ಪಾ, ಅದು ನನ್ನ ಕ್ಲಚ್ ಪ್ಲೇಟು. ಹೊಸದಾಗಿ ಕಲಿಯುವವರಿಗೆ ಕಲಿಸಬಹುದು. ಬರುತ್ತದೆ ಅಂದುಕೊಂಡವರಿಗೆ ಕಲಿಸುವುದು ಜಾಸ್ತಿ ಖರ್ಚಿನ ಬಾಬ್ತು.

ಎಲ್‌ಎಲ್ ಆಗಿ 30 ದಿನ ಕಳೆಯದೆ ಟೆಸ್ಟಿಗೆ ಹೋಗುವಂತಿಲ್ಲ. ಆ ತಿಂಗಳು ಮುಗಿಯುವ ಹೊತ್ತಿಗೆ ಪ್ಯಾಟಿ ರಸ್ತೆಗೆ ಇಳಿದೆವು. ಜಗತ್ ಸರ್ಕಲ್‌ನಲ್ಲಿ ನಿಲ್ಲಬೇಕಾಯಿತು. ದಾರಿ ಬಿಟ್ಟಾಗ ಮಗಳು ಕ್ಲಚ್ ಬಿಟ್ಟಳು. ಹಗೂರಕವೇ ಬಿಟ್ಟಳು, ನಾನು ಸಾಕ್ಷಿ. ಕಾರು ನಡುಗಿ ಬಂದ್ ಬಿತ್ತು. ಮತ್ತೊಮ್ಮೆ, ಬಂದ್. ಹಿಂದೆ ಹಾರ್ನುಗಳ ಜಾತ್ರೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬಾಯಿಯಿಂದ ಹಗೂರಕ ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ಪಕ್ಕದಲ್ಲಿ ಒಂದು ಆಟೋ. ಖಾಕಿ ಅಂಗಿಯ ಹಿರಿಯ, ಅರ್ಧ ಮೈ ಹೊರಗೆ ಹಾಕಿ, ಕಿವಿ ಇತ್ತ ಕೊಟ್ಟು ಒಂದು ಗಳಿಗೆ ಕೇಳಿದ.

"ಥರ್ಡಿನ್ಯಾಗ ಅದವ್ವಾ ಗಾಡಿ! ಫಸ್ಟ್ ಹಾಕು, ಫಸ್ಟ್!"

ಹೌದು. ಥರ್ಡ್‌ನಲ್ಲಿ ಬಂದು ಹಾಗೇ ನಿಂತಿದ್ದೆವು. ಒಂದು ತಿಂಗಳ ಗುರು ಆ ಗೇರ್ ರಾಡಿನ ಪಕ್ಕದಲ್ಲೇ ಕೂತಿದ್ದ.

ಫಸ್ಟ್ ಹಾಕಿದಳು. ಕಾರು ನಡೆಯಿತು. ಪಟೇಲ್ ಸರ್ಕಲ್ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಪಪ್ಪಾ, ಆ ಆಟೋ ಕಾಕಾ ಎಷ್ಟು ಫೀಸ್ ತಗೋಬಹುದು?"