ನಡೆಯಲಾಗದವರು ನಡೆದು ಬಂದು ತಿಳಿಸತಕ್ಕದ್ದು

‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಅಂತ ಶುರುವಾಗುವ ಕಾಗದದಲ್ಲಿ ಒಳ್ಳೆಯ ಸುದ್ದಿ ಇದ್ದದ್ದನ್ನು ನಾನು ಕಂಡಿಲ್ಲ. ನಮ್ಮ ಪಕ್ಕದ ಮನೆಯ ಮೇಸ್ತ್ರಿಯಣ್ಣನಿಗೆ ಬಂದದ್ದೂ ಅಂಥದ್ದೇ ಒಂದು. ಅಂಗವಿಕಲತೆಯನ್ನು ಕಡಿಮೆ ಬರೆದಿದ್ದಾರೆ ಎಂದು ಅವರು ಮೇಲ್ಮನವಿ ಹಾಕಿದ್ದರು. ಅದರ ವಿಚಾರಣೆ ಮಂಗಳೂರಿನಲ್ಲಿ, ಬೆಳಿಗ್ಗೆ 10.30ಕ್ಕೆ, ಎರಡನೇ ಮಹಡಿಯಲ್ಲಿ. ‘ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ನಿಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.’

ಮೇಸ್ತ್ರಿಯಣ್ಣನ ಹೇಳಿಕೆ ಇರುವುದು ಒಂದೇ. ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂಬುದು. ಅದನ್ನು ಅವರು ಮೆಟ್ಟಿಲು ಹತ್ತಿ ಬಂದು ಹೇಳಬೇಕು.

ಕಥೆ ಇಷ್ಟು. ಸುರತ್ಕಲ್ ಕಡೆ ಒಂದು ಮನೆಯ ಗಾರೆ ಮಾಡುವಾಗ ಸಾರ್ವೆ ಕುಸಿದು ಬಿದ್ದರು. ಬಲಗಾಲಿನ ಬಲ ಹೋಯಿತು, ಎಡಗೈಯ ಮಣಿಕಟ್ಟು ಹೋಯಿತು. ಮೊದಲ ಸಲ ಶೇ. 45 ಅಂತ ಟೆಂಪರರಿ ಸರ್ಟಿಫಿಕೇಟ್ ಸಿಕ್ಕಿತ್ತು. ರಾಜ್ಯದಲ್ಲಿ 40ರಿಂದ 75ರವರೆಗೆ ಇದ್ದವರಿಗೆ ತಿಂಗಳಿಗೆ 800 ರೂಪಾಯಿ ಪಿಂಚಣಿ, ಅದಕ್ಕಿಂತ ಜಾಸ್ತಿ ಇದ್ದರೆ 1400. ಮೇಸ್ತ್ರಿಯಣ್ಣನಿಗೆ 800 ಬರುತ್ತಿತ್ತು. ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ ಆಯಿತು. ಈ ಸಲ ಕಾಲಿಗೆ 30, ಕೈಗೆ 10.

ಒಟ್ಟು 40 ಆಯಿತಲ್ಲ, ಬಚಾವ್ ಅಂದುಕೊಂಡೆವು. ಪಿಂಚಣಿಗೆ ಬೇಕಾದದ್ದು ಸರಿಯಾಗಿ 40. ಆದರೆ 30ಕ್ಕೆ 10 ಕೂಡಿಸಿದರೆ 40 ಬರುವುದು ಒಂದನೇ ಕ್ಲಾಸಿನ ಮಕ್ಕಳಿಗೆ ಮಾತ್ರ. ಅಂಗವಿಕಲತೆ ಅಳೆಯುವ ಕೇಂದ್ರದ ಮಾರ್ಗಸೂಚಿಯಲ್ಲಿ ಬೇರೆಯೇ ಲೆಕ್ಕ ಉಂಟು. 90ರಿಂದ ದೊಡ್ಡ ಸಂಖ್ಯೆಯನ್ನು ಕಳೆಯಬೇಕು. ಉಳಿದದ್ದನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿಸಬೇಕು. ಮೇಸ್ತ್ರಿಯಣ್ಣನ ಮಗಳು ಮೊಬೈಲಿನಲ್ಲಿ ಒತ್ತಿ ನೋಡಿದಳು. 36.67. ಹತ್ತಿರದ ಪೂರ್ಣ ಸಂಖ್ಯೆ ಹಿಡಿದರೂ 37.

ಈ ಸೂತ್ರಕ್ಕೂ ಒಂದು ಕಾರಣ ಇದೆ. ಸುಮ್ನೆ ಕೂಡಿಸುತ್ತಾ ಹೋದರೆ ಕೆಲವರ ಲೆಕ್ಕ ನೂರು ದಾಟುತ್ತದೆ. ಒಪ್ಪೋಣ. ಆದರೆ ಬಲಗಾಲು ಕೆಟ್ಟವರು ಊರುಗೋಲು ಹಿಡಿಯಬೇಕಾದದ್ದು ಎಡಗೈಯಲ್ಲಿ. ಇವರ ಎಡಗೈಗೆ ಹಿಡಿತವೇ ಇಲ್ಲ. ಅಂದರೆ ಎರಡು ಊನ ಸೇರಿದಾಗ ಕಷ್ಟ ಕೂಡಿದ್ದಕ್ಕಿಂತ ಜಾಸ್ತಿ ಆಗಬೇಕು. ಸೂತ್ರದಲ್ಲಿ ಕಡಿಮೆ ಆಗುತ್ತದೆ. ಬೀಳುವಾಗ ಒಂದೇ ಕಡೆ ಜಾಸ್ತಿ ಪೆಟ್ಟು ಮಾಡಿಕೊಳ್ಳಬೇಕಿತ್ತು, ಎರಡು ಕಡೆ ಹಂಚಿಕೊಂಡದ್ದು ಅವರದೇ ತಪ್ಪು.

ಹೀಗೆ ಹಳದಿ ಕಾರ್ಡಿಗೆ ಅರ್ಹರಾಗಿದ್ದವರು ಬಿಳಿ ಕಾರ್ಡಿಗೆ ಇಳಿದರು. ಅಂಗವಿಕಲರಿಗೆ ಕೊಡುವ ಯುಡಿಐಡಿ ಎಂಬ ಗುರುತಿನ ಕಾರ್ಡಿನಲ್ಲಿ 40ಕ್ಕಿಂತ ಕೆಳಗೆ ಬಿಳಿ, ಅದರ ಮೇಲೆ ಹಳದಿ, 80ರಿಂದ ನೀಲಿ. ಆ ನೀಲಿಯವರಿಗೆ ಕೇಂದ್ರದ ಪಾಲು ಅಂತ 300 ರೂಪಾಯಿ ಉಂಟು, ಬಡವರಾಗಿದ್ದರೆ. ಅದು 2012ರಿಂದ 300ರಲ್ಲೇ ಕೂತಿದೆ. ಅದಕ್ಕೂ ಏಳಲು ಆಗುವುದಿಲ್ಲವೋ ಏನೋ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಓದಲು ಚೆನ್ನಾಗಿದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ 21. ಸರ್ಟಿಫಿಕೇಟಿನಲ್ಲಿ ತಪ್ಪಾಗಿದ್ದರೆ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು. ಪಂಚಾಯತ್‌ನ ಪುನರ್ವಸತಿ ಕಾರ್ಯಕರ್ತ, ನಾವೆಲ್ಲ ವಿಆರ್‌ಡಬ್ಲ್ಯೂ ಅಂತ ಕರೆಯುವ ಹುಡುಗ, ತಾನೇ ಊರುಗೋಲು ಹಿಡಿದುಕೊಂಡು ಬಂದು ಅರ್ಜಿ ಬರೆದುಕೊಟ್ಟ. ಇಲ್ಲಿವರೆಗೆ ಎಲ್ಲ ಸರಿ. ನೋಟೀಸು ಬಂದ ಮೇಲೆ ಶುರುವಾಯಿತು ನೋಡಿ, ಹೋಗುದಾ ಬೇಡ್ವಾ ಎಂಬ ಚರ್ಚೆ.

ಚರ್ಚೆ ನಡೆದದ್ದು ಗೂಡಂಗಡಿಯ ಬೆಂಚಿನಲ್ಲಿ. ಅಧ್ಯಕ್ಷತೆ ನಮ್ಮ ನಿವೃತ್ತ ಗುಮಾಸ್ತರದ್ದು. ಜೀವಮಾನವಿಡೀ ಫೈಲಿನಲ್ಲಿ ಟಿಪ್ಪಣಿ ಬರೆದವರು. ಅವರ ಬಾಯಿಂದ ಈಗಲೂ ಟಿಪ್ಪಣಿಯೇ ಬರುತ್ತದೆ.

‘ನೀವು ಒಬ್ಬರೇ ಹೋದಿರಿ ಅಂತ ಇಟ್ಟುಕೊಳ್ಳಿ. ಏನು ಬರೆಯುತ್ತಾರೆ ಗೊತ್ತುಂಟಾ? ಅರ್ಜಿದಾರರು ಯಾರ ಸಹಾಯವೂ ಇಲ್ಲದೆ ಸ್ವತಃ ಹಾಜರಾಗಿರುತ್ತಾರೆ. ಮುಗಿಯಿತು.’

‘ಹಾಗಾದರೆ ಇಬ್ಬರು ಎತ್ತಿಕೊಂಡು ಹೋಗುವುದು’ ಅಂದ ರಿಕ್ಷಾದವ.

‘ಆಗ ಅನುಕಂಪ ಗಳಿಸುವ ಉದ್ದೇಶದಿಂದ ಅಂತ ಬರೆಯುತ್ತಾರೆ.’

‘ಹೋಗದಿದ್ದರೆ?’

‘ಗೈರುಹಾಜರು. ಮೇಲ್ಮನವಿಯಲ್ಲಿ ಆಸಕ್ತಿ ಇರುವುದು ಕಂಡುಬಂದಿರುವುದಿಲ್ಲ.’

ಬರಲು ಆಗುವುದಿಲ್ಲ ಅಂತ ಪತ್ರ ಬರೆದರೆ ಆಗದಾ ಎಂದು ನಾನು ಕೇಳಿದೆ. ಆಗುತ್ತದಂತೆ. ಜೊತೆಗೆ ಸರ್ಕಾರಿ ವೈದ್ಯರ ಚೀಟಿ ಇಡಬೇಕು. ಚೀಟಿಗೆ ಆಸ್ಪತ್ರೆಗೆ ಖುದ್ದಾಗಿ ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು. ಆ ಆಸ್ಪತ್ರೆಗೆ ಹೋಗುವುದಕ್ಕಿಂತ ವಿಚಾರಣೆಗೆ ಹೋಗುವುದೇ ಹತ್ತಿರ.

ವಿಡಿಯೊ ಕಾಲ್‌ನಲ್ಲಿ ಮಾತಾಡಬಹುದಲ್ಲ ಅಂದಳು ಮಗಳು. ಪಾಪ, ಸಣ್ಣವಳು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯಲಿ, ಜರಿಯದೇ ಇರಲಿ, ಬೆಂಗಳೂರಿನ ಮೀಟಿಂಗಿಗೆ ನಮ್ಮ ಸಾಹೇಬರುಗಳು ಇಲ್ಲಿಂದಲೇ ವಿಡಿಯೊದಲ್ಲಿ ಕೂರುತ್ತಾರೆ. ಯಾವ ಕಚೇರಿಗೆ ಹೋಗಿ ಕೇಳಿದರೂ ‘ಸಾಹೇಬರು ವಿ.ಸಿ.ಯಲ್ಲಿದ್ದಾರೆ’ ಎಂಬ ಉತ್ತರ. ಎರಡೂ ಕಾಲು ಸರಿ ಇರುವವರಿಗೆ ವಿ.ಸಿ. ಒಂದು ಕಾಲು ಹೋದವರು ಖುದ್ದಾಗಿ ಬರತಕ್ಕದ್ದು.

ಅಷ್ಟರಲ್ಲಿ ನಮ್ಮ ಹವ್ಯಾಸಿ ಯಕ್ಷಗಾನ ಕಲಾವಿದರು ಬಂದರು. ಹಗಲು ಬ್ಯಾಂಕಿನ ಪಿಗ್ಮಿ ಕಲೆಕ್ಷನ್, ರಾತ್ರಿ ವೇಷ. ವಿಷಯ ಕೇಳಿ ಅವರಿಗೆ ಭಾರೀ ಉತ್ಸಾಹ ಬಂತು. ‘ಹೋಗಲೇಬೇಕು. ಆದರೆ ಪ್ರವೇಶ ಮುಖ್ಯ. ಬಾಗಿಲಲ್ಲಿ ಒಮ್ಮೆ ನಿಲ್ಲಿ. ಗೋಡೆ ಹಿಡಿಯಿರಿ. ನೋವು ಕಣ್ಣಲ್ಲಿ ಕಾಣಬೇಕು, ಬಾಯಲ್ಲಿ ಅಲ್ಲ.’ ಎದ್ದು ನಿಂತು ಮಾಡಿಯೂ ತೋರಿಸಿದರು. ನೋಡಿದರೆ ನೂರಕ್ಕೆ ನೂರು ಕೊಡಬೇಕು, ಅಷ್ಟು ಚಂದ. ಮೇಸ್ತ್ರಿಯಣ್ಣ ಅದನ್ನೇ ಮಾಡಲು ಹೋದರು. ಅವರದ್ದು ನಿಜವಾದ ಕುಂಟು, ಅದರಲ್ಲಿ ಲಯ ಇರಲಿಲ್ಲ. ‘ಛೇ, ನಂಬುವ ಹಾಗೆ ಇಲ್ಲ’ ಅಂದುಬಿಟ್ಟರು ಕಲಾವಿದರು. ಇನ್ನೊಂದು ಸಲ ಸ್ವಲ್ಪ ಜೋರಾಗಿ ನರಳಿದರು. ‘ಅಯ್ಯೋ, ರಕ್ಕಸನ ಬಣ್ಣದ ವೇಷ ಆಯ್ತು ಮಾರಾಯ್ರೆ, ಕಡಿಮೆ ಮಾಡಿ.’

ಆಮೇಲೆ ಉಡುಪಿನ ಪ್ರಶ್ನೆ. ಮೇಸ್ತ್ರಿಯಣ್ಣನ ಹೆಂಡತಿ, ನಮಗೆಲ್ಲ ಅಕ್ಕ, ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಹ್ಯಾಂಗರಿನಲ್ಲಿ ತೂಗಿಸಿದ್ದರು. ಗುಮಾಸ್ತರು ಕೂಡಲೇ ಆಕ್ಷೇಪ ತೆಗೆದರು. ಇಸ್ತ್ರಿ ಶರ್ಟು ಹಾಕಿದವರಿಗೆ ಕಷ್ಟ ಇದೆ ಅಂತ ಯಾರು ನಂಬುತ್ತಾರೆ? ಗಡ್ಡ ತೆಗೆಯಬಾರದು. ತಲೆಗೆ ಎಣ್ಣೆ ಬೇಡ. ವಾಚ್ ಬೇಡವೇ ಬೇಡ. ಅಕ್ಕ ಒಳಗಿಂದ ಕೇಳಿಸಿಕೊಂಡು ಹೊರಗೆ ಬಂದರು.

‘ಕಾಲು ಮಾತ್ರ ಹೋದದ್ದು. ಮರ್ಯಾದೆ ಹೋಗ್ಲಿಲ್ಲ. ಇದನ್ನೇ ಹಾಕ್ತಾರೆ.’

ಆ ವಿಷಯ ಅಲ್ಲಿಗೆ ಇತ್ಯರ್ಥ ಆಯಿತು. ಯಾವ ಪ್ರಾಧಿಕಾರವೂ ಇಷ್ಟು ಬೇಗ ಆದೇಶ ಕೊಟ್ಟದ್ದಿಲ್ಲ.

ಉಳಿದದ್ದು ಹೋಗುವುದು ಹೇಗೆ ಎಂಬುದು. ಮೇಸ್ತ್ರಿಯಣ್ಣನ ಹತ್ತಿರ ಕೆಎಸ್‌ಆರ್‌ಟಿಸಿಯ ಅಂಗವಿಕಲರ ಪಾಸ್ ಇತ್ತು. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಒಳ್ಳೆಯ ಯೋಜನೆ. ಒಂದೇ ತೊಂದರೆ, ನಮ್ಮ ಮನೆ ಎದುರು ಹೋಗುವ ಸಿಟಿ ಬಸ್ಸುಗಳೆಲ್ಲ ಖಾಸಗಿಯವು. ಅವಕ್ಕೆ ಆ ಪಾಸ್ ಬರೀ ಒಂದು ಫೋಟೊ. ಫುಟ್‌ಬೋರ್ಡು ಮೊಣಕಾಲಿಗಿಂತ ಎತ್ತರ. ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಅಂತ ಕೂಗುವ ಕಂಡಕ್ಟರು ಒಂದು ಕಾಲು ಮೇಲೆ ಬಂದರೆ ಸಾಕು, ರೈಟ್ ಹೇಳುತ್ತಾನೆ. ಅವನದ್ದೂ ತಪ್ಪಲ್ಲ, ಹಿಂದಿನ ಬಸ್ಸು ಎರಡು ನಿಮಿಷದಲ್ಲಿ ಬಂದು ಮುಟ್ಟುತ್ತದೆ. ಕೊನೆಗೆ ರಿಕ್ಷಾ. ಹೋಗಿ, ಕಾದು, ಬರಲು ಪರಿಚಯದ ರೇಟು 800. ಅಂದರೆ ಒಂದು ತಿಂಗಳ ಪಿಂಚಣಿ. ಗೆದ್ದರೆ ಮೊದಲ ತಿಂಗಳದ್ದು ರಿಕ್ಷಾದವನಿಗೆ ಅಂತ ಅಲ್ಲೇ ತೀರ್ಮಾನ ಆಯಿತು.

ಹೋದೆವು. ನಾನು ಮತ್ತು ಗುಮಾಸ್ತರು ಸಾಕ್ಷಿಗೆ.

ಕಚೇರಿಯ ಎದುರು ರ‍್ಯಾಂಪ್ ಇತ್ತು. ಸುಳ್ಳು ಹೇಳಬಾರದು. ಕೆಳಗಿನ ತುದಿಯಲ್ಲಿ ಸ್ಕೂಟರುಗಳು ನಿಂತಿದ್ದವು. ಮೇಲಿನ ತುದಿಯಲ್ಲಿ ಹೂವಿನ ಕುಂಡ. ಮೇಸ್ತ್ರಿಯಣ್ಣ ರಿಕ್ಷಾದಿಂದ ಇಳಿದವರೇ ನೋವು, ವಿಚಾರಣೆ ಎಲ್ಲ ಮರೆತು ಅದನ್ನೇ ನೋಡುತ್ತಾ ನಿಂತರು. ತಲೆ ಒಂದು ಬದಿಗೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಗೋಡೆ ನೆಟ್ಟಗಿದೆಯಾ ಅಂತ ನೋಡುವಾಗ ಮಾಡುವ ಹಾಗೆ.

‘ಇದನ್ನು ಯಾರು ಮಾಡಿದ್ದು ಮಾರಾಯ್ರೆ? ಮೂರು ಅಡಿ ಎತ್ತರ ಉಂಟು. ಹತ್ತು ಅಡಿಯಲ್ಲಿ ಮುಗಿಸಿದ್ದಾನೆ. ಒಂದಕ್ಕೆ ಹನ್ನೆರಡು ಇಳಿಜಾರು ಬೇಕು, ಮೂವತ್ತಾರು ಅಡಿ ಆಗಬೇಕಿತ್ತು. ಇದರಲ್ಲಿ ಸಿಮೆಂಟಿನ ಗಾಡಿ ಸಹ ಹತ್ತುದಿಲ್ಲ.’ ಊರುಗೋಲಿನ ತುದಿಯಿಂದ ಗಾರೆಯನ್ನು ಕೆರೆದು ನೋಡಿದರು. ‘ಹೊಯ್ಗೆ ಜಾಸ್ತಿ. ಸಿಮೆಂಟು ತಿಂದಿದ್ದಾನೆ.’

ಆ ಕಚೇರಿಯಲ್ಲಿ ಅವತ್ತು ಒಬ್ಬ ತಜ್ಞ ಮಾತಾಡಿದ್ದು ಅದೊಂದೇ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಅಂಗವಿಕಲರು ಬಳಸುವ ಹಾಗೆ ಮಾಡಬೇಕು ಅಂತ ಅದೇ ಕಾಯ್ದೆಯ 45ನೇ ಕಲಂ ಹೇಳುತ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೆ ಮುಗಿಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಸಲಹೆಯ ಹಾಗೆ ಬರೆದರೆ ಸಾಲದು, ಕಡ್ಡಾಯ ಮಾಡಿ, ಮೂರು ತಿಂಗಳು ಸಮಯ ಅಂತ ಕೇಂದ್ರಕ್ಕೆ ಹೇಳಿತು. ಗಡುವು ತಪ್ಪಿದ ಕಟ್ಟಡಗಳಿಗೆ ‘ನಿಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ’ ಅಂತ ಯಾರಾದರೂ ನೋಟೀಸು ಕೊಟ್ಟಿದ್ದಾರಾ? ಕಟ್ಟಡಕ್ಕೆ ಖುದ್ದಾಗಿ ಹಾಜರಾಗಲು ಆಗುವುದಿಲ್ಲ, ಅದಕ್ಕೆ ರಿಯಾಯಿತಿ ಇರಬಹುದು.

ಲಿಫ್ಟ್ ಇತ್ತು. ಅದರ ಬಾಗಿಲಿಗೆ ಹಗ್ಗ ಕಟ್ಟಿ ಹಳೆಯ ಫೈಲುಗಳ ಗಂಟು ಪೇರಿಸಿದ್ದರು. ಹಾಗಾಗಿ ಮೆಟ್ಟಿಲು. ಬಲಗೈಯಲ್ಲಿ ಕಂಬಿ, ಹಿಡಿತವಿಲ್ಲದ ಎಡಗೈಗೆ ನನ್ನ ಹೆಗಲು, ಊರುಗೋಲು ಗುಮಾಸ್ತರ ಬಗಲಲ್ಲಿ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಸೇರಿಸಿ, ನಿಂತು, ಉಸಿರು ತೆಗೆದುಕೊಂಡು ಮತ್ತೆ. ತಿರುವಿನಲ್ಲಿ ಕಂಬಿ ನಿಂತುಹೋಗಿತ್ತು, ಅಲ್ಲಿ ಗೋಡೆಗೆ ಒರಗಿ ದಾಟಿದರು. ಬಿಳಿ ಶರ್ಟಿನ ಭುಜಕ್ಕೆ ಸುಣ್ಣ ಮೆತ್ತಿಕೊಂಡಿತು. ಅಕ್ಕ ನೋಡಿದ್ದರೆ ಸುಮ್ಮನಿರುತ್ತಿರಲಿಲ್ಲ.

ಎರಡನೇ ಮಹಡಿ ತಲುಪಿದಾಗ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ‘ಅನ್ಯ ಕಾರ್ಯನಿಮಿತ್ತ ಇಂದಿನ ವಿಚಾರಣೆ ಮುಂದೂಡಲಾಗಿದೆ.’ ಸಾಹೇಬರು ಬಾರದಿದ್ದರೆ ಅದು ಅನ್ಯ ಕಾರ್ಯನಿಮಿತ್ತ. ಮೇಸ್ತ್ರಿಯಣ್ಣ ಬಾರದಿದ್ದರೆ ಆಸಕ್ತಿ ಇರುವುದು ಕಂಡುಬಂದಿರುವುದಿಲ್ಲ. ಈ ಕಾಗದವನ್ನು ಕೆಳಗೆ, ರಿಕ್ಷಾ ನಿಲ್ಲುವಲ್ಲಿ ಅಂಟಿಸಬಹುದಿತ್ತಲ್ಲ ಅಂತ ಒಳಗಿದ್ದ ಸಿಬ್ಬಂದಿಯನ್ನು ಕೇಳಿದೆ. ‘ನೋಟೀಸ್ ಬೋರ್ಡ್ ಇರುವುದು ಇಲ್ಲೇ ಅಲ್ವಾ ಸಾರ್’ ಅಂದರು. ಒಳ್ಳೆಯ ಹೆಣ್ಣುಮಗಳು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ರಿಜಿಸ್ಟರ್ ಮುಂದಿಟ್ಟರು.

‘ಹಾಜರಿ ಹಾಕಿ ಹೋಗಿ ಅಂಕಲ್. ಇಲ್ಲಾಂದ್ರೆ ನೀವು ಬಂದಿಲ್ಲ ಅಂತ ಆಗ್ತದೆ.’

ಮೇಸ್ತ್ರಿಯಣ್ಣ ಸಹಿ ಹಾಕಿದರು. ಗುಮಾಸ್ತರು ಹಣೆ ಚಚ್ಚಿಕೊಂಡರು. ಎರಡನೇ ಮಹಡಿಗೆ ಬಂದದ್ದಕ್ಕೆ ಈಗ ಲಿಖಿತ ದಾಖಲೆ ಆಯಿತು, ಸಾಲದ್ದಕ್ಕೆ ಮೆಟ್ಟಿಲಿನ ತಿರುವಿನಲ್ಲಿ ಸಿಸಿ ಕ್ಯಾಮೆರಾ ಬೇರೆ ಉಂಟು ಅಂತ ಅವರ ಸಂಕಟ. ಆ ಕ್ಯಾಮೆರಾ ಕೆಲಸ ಮಾಡುತ್ತಿರಲಿಕ್ಕಿಲ್ಲ ಅಂತ ನಾನು ಸಮಾಧಾನ ಹೇಳಿದೆ. ಲಿಫ್ಟ್ ನೋಡಿದ ಮೇಲೆ ಅಷ್ಟು ಧೈರ್ಯ ಬಂದಿತ್ತು.

ಹೊಸ ದಿನಾಂಕದ ನೋಟೀಸು ಅಂಚೆಯಲ್ಲಿ ಬಂತು. ಈ ಮೂಲಕ ತಿಳಿಯಪಡಿಸುವುದೇನೆಂದರೆ, ಖುದ್ದಾಗಿ, ತಪ್ಪಿದಲ್ಲಿ, ಎಲ್ಲ ಅದೇ. ವಿಆರ್‌ಡಬ್ಲ್ಯೂ ಹುಡುಗ ಕ್ಯಾಲೆಂಡರ್ ತೆಗೆದು ನೋಡಿದ. ಎರಡನೇ ಶನಿವಾರ. ಸರ್ಕಾರಿ ಕಚೇರಿಗಳಿಗೆ ರಜೆ.

ಗೂಡಂಗಡಿಯ ಬೆಂಚಿನಲ್ಲಿ ಮತ್ತೆ ಸಭೆ ಸೇರಿತು. ರಜೆ ಇರಲಿ ಬಿಡಲಿ, ನೋಟೀಸಿನಲ್ಲಿ ಇರುವ ದಿನ ಹೋಗದಿದ್ದರೆ ಗೈರು ಎಂದು ಬರೆಯಲು ಅವಕಾಶ ಉಂಟು ಎಂಬುದು ಗುಮಾಸ್ತರ ಅಭಿಪ್ರಾಯ. ಬೀಗ ಹಾಕಿದ ಕಚೇರಿಗೆ 800 ರೂಪಾಯಿ ರಿಕ್ಷಾ ಯಾಕೆ ಅಂತ ನನ್ನದು. ರಿಕ್ಷಾದವ ಮಾತ್ರ ತಟಸ್ಥ.

ಮೇಸ್ತ್ರಿಯಣ್ಣ ಎಲೆ ಅಡಿಕೆ ಜಗಿಯುತ್ತಾ ಎಲ್ಲರದ್ದನ್ನೂ ಕೇಳಿದರು.

‘ನಾನು ಹೋಗ್ತೇನೆ’ ಅಂದರು. ‘ರಜೆ ಅಂದ್ರೆ ನೋಡುವವರು ಯಾರೂ ಇರುದಿಲ್ಲ ಅಲ್ವಾ? ನನಗೆ ಬೇಕಾದ ಹಾಗೆ ಕುಂಟಬಹುದು.’