ಆರತಕ್ಷತೆಗೊಂದು ಟೈ

ಧಾರೆಗೆ ಟೈ ಬೇಕಿಲ್ಲ. ಅಲ್ಲಿ ಪಂಚೆ, ಶಲ್ಯ, ಪೇಟದ ರಾಜ್ಯಭಾರ. ಟೈಗೆ ಕೆಲಸ ಬೀಳುವುದು ಆರತಕ್ಷತೆಯಲ್ಲಿ. ಬೆಂಗಳೂರು, ಮೈಸೂರು ಕಡೆ ಅದು ಮುಹೂರ್ತದ ಹಿಂದಿನ ಸಂಜೆಯೇ ನಡೆಯುವುದು ಹೆಚ್ಚು. ಹಾಗಾಗಿ ಕೊರಳಿಗೆ ಮೊದಲ ಗಂಟು ಬೀಳುವುದು ಗಂಡಿಗೇ. ಹೆಣ್ಣಿನ ಮೂರು ಗಂಟುಗಳಿಗೆ ಮಾರನೆಯ ಬೆಳಿಗ್ಗೆಯವರೆಗೂ ಸಮಯವಿದೆ.

ಬಣ್ಣ ಆರಿಸುವಾಗ ಸೂಟಿನಷ್ಟೇ ಹೆಣ್ಣಿನ ಸೀರೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ರವಿಕೆ ಬಟ್ಟೆಯ ಒಂದು ತುಂಡನ್ನು ಅಂಗಡಿಗೆ ಒಯ್ದು, ಟೈ ಜೊತೆಗೆ ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಒಳಗಿನ ಟ್ಯೂಬ್‌ಲೈಟಿಗೆ ಮೆರೂನ್ ಕೂಡ ಕಾಫಿಪುಡಿಯಂತೆ ಕಾಣುತ್ತದೆ. ಪಕ್ಕಾ ಅದೇ ಬಣ್ಣ ಹುಡುಕಿದರೆ ಇಬ್ಬರೂ ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತಾರೆ. ಒಂದು ಛಾಯೆ ಗಾಢವಾಗಿದ್ದರೆ ಸಾಕು. ಜರಿ ಅಂಚಿಗೆ ಹೊಂದಲೆಂದು ಚಿನ್ನದ ಬಣ್ಣದ ಟೈ ಕೊಳ್ಳುವವರಿದ್ದಾರೆ. ನಿಜವಾದ ಜರಿಯ ಪಕ್ಕದಲ್ಲಿ ಅದು ಹಿತ್ತಾಳೆಯೇ. ಹೊಳೆಯುವ ಪಾಲಿಯೆಸ್ಟರ್ ಸ್ಯಾಟಿನ್ ಅಂತೂ ವೇದಿಕೆಯ ಎಲ್‌ಇಡಿ ದೀಪಕ್ಕೆ, ಫ್ಲ್ಯಾಶಿಗೆ ಬೆಳ್ಳಗೆ ಮಿರುಗಿ ಫೋಟೋದಲ್ಲಿ ಒಂದು ಪಟ್ಟಿಯಾಗಿ ಉಳಿಯುತ್ತದೆ. ತೀರಾ ಸಣ್ಣ ಗೆರೆ, ಸಣ್ಣ ಚೌಕಳಿ ಇದ್ದರೆ ವಿಡಿಯೋದಲ್ಲಿ ನೀರಿನ ಅಲೆಯಂತೆ ಕದಡುತ್ತವೆ. ಹೊಳಪು ಕಮ್ಮಿ ಇರುವ ರೇಷ್ಮೆ, ಅಂಗಿಗಿಂತ ಗಾಢ ಬಣ್ಣ, ಅಷ್ಟಿದ್ದರೆ ತೊಂದರೆಯಿಲ್ಲ. ಮೈಸೂರು ಸಿಲ್ಕ್ ತಯಾರಿಸುವ ಕೆಎಸ್‌ಐಸಿ ಸೀರೆಗಳ ಜೊತೆಗೆ ಟೈಗಳನ್ನೂ ಮಾಡುತ್ತದೆ ಎಂಬುದು ಬಹಳ ಜನರ ಗಮನಕ್ಕೇ ಬಂದಿರುವುದಿಲ್ಲ. ಇನ್ನು ಕಪ್ಪು ಟೈ: ಸೂಟಿನವನು ಒಪ್ಪಿದರೂ ಮನೆಯ ಹಿರಿಯರು “ಶುಭಕಾರ್ಯಕ್ಕೆ ಕಪ್ಪು ಯಾಕಪ್ಪಾ” ಎನ್ನದೆ ಬಿಡುವುದಿಲ್ಲ. ಆ ವಾದದಲ್ಲಿ ಗೆದ್ದವರಿಲ್ಲ.

ಕೊಳ್ಳುವ ಮುಂಚೆ ಟೈಯನ್ನು ನಡುವೆ ಹಿಡಿದು ಇಳಿಬಿಡಿ. ಅದು ತಾನಾಗಿ ತಿರುಚಿಕೊಂಡರೆ ಬಟ್ಟೆಯನ್ನು ಸರಿಯಾದ ಓರೆಯಲ್ಲಿ ಕತ್ತರಿಸಿಲ್ಲ ಎಂದರ್ಥ. ನೇಯ್ಗೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂರು ತುಂಡು ಜೋಡಿಸುವ ಪದ್ಧತಿಯನ್ನು 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ರೂಢಿಗೆ ತಂದ. ಹಾಗೆ ಕತ್ತರಿಸಿದ ಬಟ್ಟೆ ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನ ಹಾಗಾಗುತ್ತದೆ. ಒಳ್ಳೆಯ ಟೈಯ ಹಿಂಬದಿ ಹೊಲಿಗೆಯ ತುದಿಯಲ್ಲಿ ಸಡಿಲವಾದ ಒಂದು ದಾರ ಉಳಿದಿರುತ್ತದೆ. ಟೈ ಹಿಗ್ಗಲೆಂದೇ ಬಿಟ್ಟ ದಾರ ಅದು. ಪಿಸಿಲು ಅಂದುಕೊಂಡು ಕತ್ತರಿಸಿದಿರೋ, ಹೊಲಿಗೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಅಗಲ ಕೋಟಿನ ಕಾಲರ್‌ಪಟ್ಟಿಯಷ್ಟಿರಲಿ, ಸುಮಾರು 3 ಇಂಚು. 2 ಇಂಚಿನ ಸಪೂರ ಟೈ ಹೊಟ್ಟೆಯ ಮೇಲೆ ಬಿದ್ದರೆ ಹೊಟ್ಟೆಯ ವಿಸ್ತೀರ್ಣವನ್ನೇ ಸಾರುತ್ತದೆ. ಉದ್ದದ್ದೇ ದೊಡ್ಡ ರಗಳೆ. ಸಾಮಾನ್ಯ ಟೈ 57–58 ಇಂಚು ಇರುತ್ತದೆ, ತುದಿ ಬೆಲ್ಟಿನ ಬಕಲ್ಲಿಗೆ ತಾಗಿ ನಿಲ್ಲಬೇಕು. ಐದೂವರೆ ಅಡಿಯ ಗಂಡಿಗೆ ಸರಳ ಗಂಟು ಹಾಕಿದರೆ ಅದು ಬೆಲ್ಟು ದಾಟಿ ಕೆಳಗಿಳಿಯುತ್ತದೆ. ಆಗ ವಿಂಡ್ಸರ್ ಗಂಟು ಹಾಕಬೇಕು: ಅದು ಕೊರಳ ಎರಡೂ ಕಡೆ ಸುತ್ತಿ ಬಟ್ಟೆ ಹೆಚ್ಚು ತಿನ್ನುತ್ತದೆ, ಉದ್ದ ತಾನಾಗಿ ಇಳಿಯುತ್ತದೆ. ಆರಡಿ ದಾಟಿದವನಿಗೆ ಅದೇ ಗಂಟು ಹಾಕಿದರೆ ತುದಿ ಹೊಕ್ಕುಳ ಮೇಲೇ ನಿಂತುಬಿಡುತ್ತದೆ.

ಸರಳ ಗಂಟಿಗೆ ಅಗಲ ತುದಿಯನ್ನು ಸಪೂರ ತುದಿಯ ಮೇಲೆ ಹಾಯಿಸಿ, ಹಿಂದಿನಿಂದ ತಂದು, ಮತ್ತೆ ಮುಂದೆ ಸುತ್ತಿ, ಕೊರಳ ಸಂದಿಯೊಳಗಿಂದ ಮೇಲೆತ್ತಿ, ಮುಂದಿನ ಸುತ್ತಿನೊಳಗೆ ಇಳಿಸಬೇಕು. ಬಿಗಿ ಮಾಡುವ ಮೊದಲು ಗಂಟಿನ ಕೆಳಗೆ ತೋರುಬೆರಳು ಒತ್ತಿ ಹಿಡಿದರೆ ಬಟ್ಟೆಯಲ್ಲಿ ಪುಟ್ಟ ಕುಳಿ ಮೂಡುತ್ತದೆ. ಟೈ ಸತ್ತಂತೆ ಬಿದ್ದಿರದೆ ಉಬ್ಬಿ ನಿಲ್ಲುವುದು ಆ ಕುಳಿಯಿಂದ. ನಮ್ಮಲ್ಲಿ ಬಹುತೇಕರು ಕಾನ್ವೆಂಟಿನ ಎಲಾಸ್ಟಿಕ್ ಟೈಯಲ್ಲೇ ಬೆಳೆದವರು, ಗಂಟು ಕಲಿಯುವ ಪ್ರಮೇಯವೇ ಬಂದಿರುವುದಿಲ್ಲ. ಕೊನೆಗೆ ಛತ್ರದ ರೂಮಿನಲ್ಲಿ ಫೋಟೋಗ್ರಾಫರ್ ಕಡೆಯ ಹುಡುಗನೇ ಸಾಲಾಗಿ ನಿಂತ ಮಾವ, ಭಾವ, ಷಡ್ಡಕರಿಗೆಲ್ಲ ಕಟ್ಟಿಕೊಡುತ್ತಾನೆ. ಬೇರೆಯವರ ಕೊರಳಿಗೆ ಕಟ್ಟುವಾಗ ಎಡ ಬಲ ಅದಲುಬದಲಾಗುವುದರಿಂದ ಅವನು ಮೊದಲು ತನ್ನ ಕೊರಳಲ್ಲಿ ಕಟ್ಟಿ, ಸಡಿಲಿಸಿ, ಅವರ ತಲೆಯ ಮೇಲಿಂದ ಇಳಿಬಿಡುವುದು ಜಾಣತನ.

ನಿಜವಾದ ಪರೀಕ್ಷೆ ಹಾರದ್ದು. ಗುಲಾಬಿ, ಸುಗಂಧರಾಜದ ದಪ್ಪ ಹಾರಕ್ಕೆ ಹೂವಿನವನು ನೀರು ಚಿಮುಕಿಸಿಯೇ ಕಳಿಸುತ್ತಾನೆ, ರೇಷ್ಮೆಯ ಮೇಲೆ ಹನಿ ಬಿದ್ದರೆ ಉಂಗುರದಂಥ ಕಲೆ ಉಳಿಯುತ್ತದೆ. ಹಾರವನ್ನು ಒಮ್ಮೆ ಕೊಡವಿಸಿ ಹಾಕಿಸಿಕೊಳ್ಳುವುದು ಮೇಲು. ಹಾರದ ಭಾರಕ್ಕೆ ಟೈ ಪಕ್ಕಕ್ಕೆ ಸರಿಯದಿರಲು ಕ್ಲಿಪ್ ಬೇಕು. ಅದು ಅಂಗಿಯ ಮೂರು ಮತ್ತು ನಾಲ್ಕನೇ ಗುಂಡಿಯ ನಡುವೆ, ಟೈಯ ಎರಡೂ ಪಟ್ಟಿಗಳ ಜೊತೆ ಅಂಗಿಯ ಗುಂಡಿಪಟ್ಟಿಯನ್ನೂ ಕಚ್ಚಿರಬೇಕು. ಬರೀ ಟೈಗೆ ಸಿಕ್ಕಿಸಿದರೆ ಅದು ಒಡವೆಯಷ್ಟೇ.

ಊಟಕ್ಕೆ ಕೂತಾಗ ಕ್ಲಿಪ್ಪನ್ನೂ ನಂಬಬೇಡಿ. ಎಲೆಯ ಮೇಲೆ ಬಾಗಿದ ಕೂಡಲೇ ಟೈ ತಿಳಿಸಾರಿನ ಕಡೆಗೇ ಹೊರಡುತ್ತದೆ. ಅಂಗಿಯ ಎರಡು ಗುಂಡಿಗಳ ನಡುವೆ ತುದಿಯನ್ನು ಒಳಗೆ ಸೇರಿಸಿ ಕೂರುವುದೇ ಸರಿ. ಸಾರು ಬಿದ್ದೇಬಿಟ್ಟರೆ ನೀರು ಹಚ್ಚಿ ಉಜ್ಜಬಾರದು, ಒಣ ಕರ್ಚೀಫು ಒತ್ತಿ ಹೀರಿಸಿ ಡ್ರೈಕ್ಲೀನಿಂಗಿಗೆ ಕೊಡಿ. ರಾತ್ರಿ ಬಿಚ್ಚುವಾಗ ಸಪೂರ ತುದಿ ಹಿಡಿದು ಸರ್ರನೆ ಎಳೆದರೆ ಒಳಗಿನ ಅಸ್ತರಿ ತಿರುಚಿಕೊಳ್ಳುತ್ತದೆ. ಕಟ್ಟಿದ ಕ್ರಮವನ್ನೇ ಹಿಂದುಮುಂದಾಗಿಸಿ ಬಿಚ್ಚಿ, ಒಂದು ರಾತ್ರಿ ತೂಗುಹಾಕಿ. ಇಸ್ತ್ರಿ ಅಂಗಡಿಗೆ ಮಾತ್ರ ಕೊಡಬೇಡಿ. ಅವನು ದುಂಡನೆಯ ಅಂಚನ್ನು ಪಂಚೆಯ ಮಡಿಕೆಯ ಹಾಗೆ ಚಪ್ಪಟೆ ಮಾಡಿ, ಅಂದವಾಗಿ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ.